ಮೊಟ್ಟೆ ಒಡೆಯದ ಕೈ

ನಾನು ಮೊಟ್ಟೆ ತಿನ್ನುತ್ತೇನೆ, ಒಡೆಯುವುದಿಲ್ಲ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಪುಣೆಯ ಮಾರ್ಕೆಟ್ ಯಾರ್ಡಿನ ಪಕ್ಕದಲ್ಲಿ ನನ್ನದೊಂದು ಶುದ್ಧ ಶಾಕಾಹಾರಿ ಹೋಟೆಲಿದೆ. ಅದನ್ನು ಕಟ್ಟಿದವರು ನನ್ನ ಸೋದರಮಾವ. ಉಡುಪಿ ಕಡೆಯಿಂದ ನನ್ನನ್ನು ಕರೆತಂದು ದೋಸೆ ಕಾವಲಿಯ ಮುಂದೆ ನಿಲ್ಲಿಸಿದ ದಿನವೇ ಅವರು ಒಂದು ಮಾತು ಹೇಳಿದ್ದರು: "ಮನೆಯಲ್ಲಿ ನೀನು ಎಂತ ಬೇಕಾದ್ರೂ ತಿನ್ನು, ನಾನು ಕೇಳ್ಲಿಕ್ಕಿಲ್ಲ. ಆದ್ರೆ ಈ ಕಾವಲಿ ಹಿಡಿಯುವ ಕೈ ಮೀನು ಕೊಯ್ಯಬಾರ್ದು, ಮೊಟ್ಟೆ ಒಡೀಬಾರ್ದು. ಗಿರಾಕಿ ನಮ್ಮನ್ನು ನಂಬಿ ಕೂತಿರ್ತಾನೆ."

ಮಾವ ತೀರಿಕೊಂಡು, ಕಾವಲಿಗೆ ಬೇರೆಯವರು ಬಂದು, ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಷ್ಟೋ ವರ್ಷಗಳಾದವು. ಆದರೂ ಆ ಮಾತನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಆಮ್ಲೆಟ್ ಆಗುತ್ತದೆ, ಹೆಂಡತಿ ಮಾಡುತ್ತಾಳೆ, ನಾನು ತಿನ್ನುತ್ತೇನೆ. "ಬಂಗುಡೆಯ ಮುಳ್ಳು ಬಿಡಿಸಿ ತಿನ್ನುವಾಗ ಎಲ್ಲಿ ಹೋಗ್ತದೆ ನಿಮ್ಮ ಈ ನೇಮ?" ಎಂದು ಅವಳು ಕೆಣಕುವುದುಂಟು. ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳುವುದರಲ್ಲಿ ಅವಳದು ಎತ್ತಿದ ಕೈ.

ತಪ್ಪು ಹುಡುಕುವುದರಲ್ಲೂ ಅಷ್ಟೆ. ನನ್ನ ಹೋಟೆಲಿನ ಸಾಂಬಾರಿನಲ್ಲಿ ಬೆಲ್ಲ ಜಾಸ್ತಿ, ಚಟ್ನಿಯಲ್ಲಿ ತೆಂಗು ಕಮ್ಮಿ, ನನ್ನ ಅಂಗಿಯ ಕಾಲರ್ ಕೊಳೆ. ಇವನ್ನೆಲ್ಲ ಕೇಳಿ ಕೇಳಿ ನನಗೆ ರೋಸಿ ಹೋಗಿತ್ತು. ಹೋದ ಮಳೆಗಾಲದ ಕೊನೆಯಲ್ಲಿ ಅವಳಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದ್ದಳು. ಜ್ವರ ಇಳಿಯಿತು, ರಕ್ತದ ಪ್ಲೇಟ್‌ಲೆಟ್ ಲೆಕ್ಕವೂ ಸರಿಹೋಯಿತು, ಮನೆಗೆ ಕರೆತಂದೆ. ಆದರೆ ಊಟ ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಎಲ್ಲವೂ ಕಹಿ. ಗಂಜಿ ಕಹಿ, ಎಳನೀರು ಕಹಿ, ಹೋಟೆಲಿನಿಂದ ತರಿಸಿದ ಬಿಸಿ ಇಡ್ಲಿಯೂ ಕಹಿ. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, ತಟ್ಟೆ ದೂಡಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಇಡ್ಲಿ ಗಟ್ಟಿಯಾಗಿದೆ ಎಂದು ಸಹ ಹೇಳಲಿಲ್ಲ. ಆ ದಿನ ಅದು ನಿಜಕ್ಕೂ ಗಟ್ಟಿಯಾಗಿತ್ತು. ಅವಳು ಬೈಯದೆ ಇದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಜ್ವರ ಏರಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಮನೆಗೆ ಬಂದ ನಾಲ್ಕನೆಯ ದಿನ ಡಾಕ್ಟರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು. ನಾಳೆ ಬೆಳಿಗ್ಗೆಯೂ ಏನೂ ತಿನ್ನದಿದ್ದರೆ ಕರೆತನ್ನಿ, ಮತ್ತೆ ಅಡ್ಮಿಟ್ ಮಾಡಿ ಸಲೈನ್ ಹಾಕೋಣ ಎಂದರು. ಅವಳ ಎರಡೂ ಕೈಗಳಲ್ಲಿ ಹಳೆಯ ಸೂಜಿಯ ನೀಲಿ ಕಲೆಗಳು ಇನ್ನೂ ಮಾಸಿರಲಿಲ್ಲ. "ಮತ್ತೆ ಅಲ್ಲಿಗೆ ಬೇಡ ಮಾರಾಯ್ರೆ" ಎಂದಳು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಆಸ್ಪತ್ರೆಯ ಚೀಲ ತುಂಬುತ್ತಿದ್ದೆ. ಅವಳ ಸೀರೆ, ಬಾಚಣಿಗೆ, ಬಿಳಿ ಟವೆಲು. ಆಗ ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಒಂದು ಆಮ್ಲೆಟ್ ಆದ್ರೆ ತಿನ್ಲಿಕ್ಕೆ ಆಗ್ತಿತ್ತೋ ಏನೋ."

ಹನ್ನೊಂದು ದಿನಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ತಿಂಡಿ ಅದು. ಚಪ್ಪಲಿ ಮೆಟ್ಟಿ ಮೂಲೆಯ ಅಂಗಡಿಗೆ ಓಡಿದೆ. ನಾಲ್ಕು ಮೊಟ್ಟೆ ಕೇಳಿದರೆ ಅಂಗಡಿಯವನು ನನ್ನ ಮುಖವನ್ನೇ ನೋಡಿದ. "ಶೇಟ್, ತುಮ್ಹಿ ಆಣಿ ಅಂಡಿ?" ನೀವೂ ಮೊಟ್ಟೆಯೂ ಎಲ್ಲಿಂದೆಲ್ಲಿಗೆ ಎಂಬ ಬೆರಗು ಅವನಿಗೆ. ಮನೆಯವಳಿಗೆ ಎಂದೆ. ಅವನು ನಗು ನಿಲ್ಲಿಸಿ, ಒಳಗಿನ ಟ್ರೇಯಿಂದ ದೊಡ್ಡದೊಡ್ಡವನ್ನು ಆರಿಸಿ ಕೊಟ್ಟ.

ಅಡುಗೆಮನೆಗೆ ಬಂದು ಹೇಗೆ ಮಾಡುವುದೆಂದು ಕೇಳಲು, ಪುಣೆಯ ಆಚೆ ತುದಿಯ ವಾಕಡದಲ್ಲಿರುವ ಮಗಳಿಗೆ ಫೋನು ಹಚ್ಚಿದೆ. ಆಫೀಸಿಗೆ ಹೊರಟಿರಬೇಕು, ಎತ್ತಲಿಲ್ಲ. ಸರಿ, ಸಾವಿರಾರು ದೋಸೆ ಹುಯ್ದ ಕೈ ಇದು, ಒಂದು ಆಮ್ಲೆಟ್ ಯಾವ ಲೆಕ್ಕ ಅಂದುಕೊಂಡೆ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸಣ್ಣಗೆ ಹೆಚ್ಚಿದೆ. ಅದರಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಆಮೇಲೆ ಮೊಟ್ಟೆ ಕೈಗೆತ್ತಿಕೊಂಡೆ. ಮಾವನ ಮುಖ ಕಣ್ಣ ಮುಂದೆ ಬಂತು. "ಸಿಟ್ಟು ಮಾಡ್ಬೇಡಿ ಮಾವ, ಗಿರಾಕಿ ಮನೆಯವಳೇ" ಎಂದು ಮನಸ್ಸಿನಲ್ಲೇ ಹೇಳಿ, ಬಟ್ಟಲಿನ ಅಂಚಿಗೆ ಕುಟ್ಟಿದೆ. ಬಲ ಹೆಚ್ಚಾಯಿತು. ಅರ್ಧ ಬಟ್ಟಲಿಗೆ, ಅರ್ಧ ಮಣಿಕಟ್ಟಿಗೆ. ಎರಡನೆಯದು ಸ್ವಲ್ಪ ಮೇಲು. ಚಿಪ್ಪಿನ ಚೂರುಗಳನ್ನು ಹೆಕ್ಕಿ ತೆಗೆದು, ಚಮಚದಲ್ಲಿ ಚೆನ್ನಾಗಿ ಕದಡಿದೆ.

ಮೊಟ್ಟೆಗೆಂದು ಅವಳು ಬೇರೆ ಇಟ್ಟಿದ್ದ ಪ್ಯಾನು ಎಲ್ಲಿದೆಯೋ ದೇವರಿಗೇ ಗೊತ್ತು. ಕೈಗೆ ಸಿಕ್ಕಿದ್ದು ದೋಸೆಯ ಕಾವಲಿ. ಅದನ್ನು ಒಲೆಯ ಮೇಲಿಟ್ಟೆ. ಕಾವಲಿ ಕಾದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ತನ್ನ ಕೆಲಸ ಶುರು ಮಾಡಿತು. ಚುಂಯ್ ಎಂದು ನೀರು ಚಿಮುಕಿಸಿದೆ, ಅರ್ಧ ಈರುಳ್ಳಿಯಿಂದ ಉಜ್ಜಿದೆ, ನಾಲ್ಕು ಹನಿ ಎಣ್ಣೆ ಬಿಟ್ಟೆ, ಬಟ್ಟಲಲ್ಲಿದ್ದುದನ್ನು ನಡುವೆ ಹುಯ್ದು, ಬಟ್ಟಲಿನ ತಳದಿಂದಲೇ ಸುತ್ತಲೂ ಎಳೆದು ತೆಳ್ಳಗೆ ಹರಡಿದೆ. ದೋಸೆ ಹಿಟ್ಟಾಗಿದ್ದರೆ ಚಂದದ ಚಂದ್ರ ಮೂಡುತ್ತಿತ್ತು. ಮೊಟ್ಟೆ ಬಟ್ಟಲಿಗೆ ಅಂಟಿಕೊಂಡು ಎದ್ದು ಬಂತು. ಅಲ್ಲಿ ತೂತು, ಇಲ್ಲಿ ಮುದ್ದೆ. ಸಟ್ಟುಗ ಹಾಕಿ ಎಬ್ಬಿಸಲು ಹೋದರೆ ಚಿಂದಿಚಿಂದಿ.

"ಎಂತ ಮಾಡ್ತಾ ಇದ್ದೀರಿ ನೀವು?"

ತಿರುಗಿ ನೋಡಿದೆ. ಗೋಡೆ ಹಿಡಿದುಕೊಂಡು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಚ್ಚಲಿಗೆ ಹೋಗಲೂ ನನ್ನ ಭುಜ ಬೇಕಾಗಿದ್ದವಳು.

"ನೀರು ಚಿಮುಕಿಸಿದ ಸದ್ದು ಅಲ್ಲಿಗೇ ಕೇಳಿತು. ಆಮ್ಲೆಟಿಗೆ ಯಾರಾದ್ರೂ ನೀರು ಚಿಮುಕಿಸ್ತಾರಾ? ಅಯ್ಯೋ, ದೋಸೆ ಕಾವಲಿಗೇ ಹಾಕಿದಿರಾ! ಇನ್ನು ಇದರಲ್ಲಿ ದೋಸೆ ಏಳ್ತದಾ? ಮಾವನಿಗೆ ಕೊಟ್ಟ ಮಾತಂತೆ, ನೇಮವಂತೆ..."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಕುರ್ಚಿ ಎಳೆದು ಕೂರಿಸಿದೆ. ಚಿಂದಿಗಳನ್ನು ಬಳಿದು ತಟ್ಟೆಗೆ ಹಾಕಿ ಮುಂದಿಟ್ಟೆ. ಅವಳು ಒಂದು ತುಂಡು ಬಾಯಿಗಿಟ್ಟಳು. ಮುಖ ಕಿವುಚಿದಳು. ನಾನು ಚೀಲದ ಕಡೆ ನೋಡಿದೆ. ಮುಗಿಯಿತು, ಆಟೋ ಕರೆಯಬೇಕು ಅಂದುಕೊಂಡೆ.

"ಉಪ್ಪೇ ಇಲ್ಲ" ಎಂದಳು.

ಪಾಪ, ನಾಲಿಗೆ ಇನ್ನೂ ಕೆಟ್ಟಿದೆ ಅಂದುಕೊಂಡೆ. "ಉಪ್ಪು ಹಾಕದೆ ಇರ್ತೇನಾ? ನಿನಗೇ ಗೊತ್ತಾಗ್ತಾ ಇಲ್ಲ" ಎಂದೆ.

"ತಿಂದು ನೋಡಿ ಮಾತಾಡಿ."

ಒಂದು ಚೂರು ಬಾಯಿಗೆ ಹಾಕಿಕೊಂಡೆ. ಸಪ್ಪೆ. ಒಂದು ಕಾಳು ಉಪ್ಪೂ ಇಲ್ಲ! ಆಮೇಲೆ ಹೊಳೆಯಿತು. ನಮ್ಮಲ್ಲಿ ದೋಸೆ ಹಿಟ್ಟಿಗೆ ಉಪ್ಪು ಹಾಕುವುದು ರುಬ್ಬುವವನ ಕೆಲಸ. ಕಾವಲಿಯ ಮುಂದೆ ನಿಂತವನಿಗೆ ಹಿಟ್ಟು ಉಪ್ಪಿನ ಸಮೇತ ಬರುತ್ತದೆ. ಅಷ್ಟು ವರ್ಷ ಕಾವಲಿಯ ಮುಂದೆ ನಿಂತವನು ನಾನು, ಒಂದು ದಿನವೂ ಉಪ್ಪಿನ ಡಬ್ಬಿ ಮುಟ್ಟಿದವನಲ್ಲ. ಇವತ್ತೂ ಮುಟ್ಟಿರಲಿಲ್ಲ.

ಅಂದರೆ ಅವಳ ನಾಲಿಗೆ ಸರಿಯಾಗಿಯೇ ಇತ್ತು! ಕಹಿ ಎನ್ನಲಿಲ್ಲ, ಉಪ್ಪಿಲ್ಲ ಎಂದಳು. ನನ್ನ ಎದೆಯ ಮೇಲಿಂದ ಅಕ್ಕಿಮೂಟೆ ಇಳಿಸಿದ ಹಾಗಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ನಗುವುದು ಎಂತಕ್ಕೆ? ಉಪ್ಪು ಕೊಡಿ" ಎಂದಳು.

ಕೊಟ್ಟೆ. ಮೇಲಿಂದ ಉದುರಿಸಿಕೊಂಡು, ಮೆಲ್ಲಗೆ, ಒಂದೊಂದೇ ಚಿಂದಿ ಹೆಕ್ಕಿ ತಿಂದಳು. ನಡುವೆ ಚಿಪ್ಪಿನ ಚೂರೊಂದನ್ನು ತೆಗೆದು ತಟ್ಟೆಯ ಅಂಚಿಗೆ, ನನಗೆ ಕಾಣುವ ಹಾಗೆ, ಇಟ್ಟಳು. ತಟ್ಟೆ ಖಾಲಿಯಾಯಿತು. ಐದು ನಿಮಿಷ ಕಾದೆವು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು.

"ಇನ್ನೊಂದು ಹಾಕಿ. ಪ್ಯಾನು ಮೇಲಿನ ಕಪಾಟಿನಲ್ಲಿ ಉಂಟು."

ಮೂರನೆಯ ಮೊಟ್ಟೆ ಒಡೆದೆ. ಅದೂ ಮಣಿಕಟ್ಟಿಗೆ ಸುರಿಯಿತು. ಒರೆಸಲು ಬಟ್ಟೆ ಸಿಗದೆ, ಆಸ್ಪತ್ರೆಯ ಚೀಲದಿಂದ ಬಿಳಿ ಟವೆಲು ಎಳೆದು ಕೈ ಒರೆಸಿಕೊಂಡೆ. ಅದಕ್ಕೂ ಬೈದಳು.