ಇಪ್ಪತ್ತೆರಡು ತೂತುಗಳ ಎರ್ಸಿಲಿಯಾ

ಕಳೆದ ಸಲ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಸಂಜೆ ರೋಮ್‌ನ ಪ್ಯಾಂಥಿಯಾನ್ ಗುಡಿಯೊಳಗೆ ಮಳೆನೀರು ನಿಂತು ಪ್ರವಾಸಿಯೊಬ್ಬರು ಜಾರಿ ಬಿದ್ದರು. ನೀರು ಹರಿದುಹೋಗುವ ನೆಲದ ತೂತುಗಳನ್ನು ಶುಚಿ ಮಾಡಿರಲಿಲ್ಲ ಎಂದು ಗುತ್ತಿಗೆ ಕಂಪನಿ ನೂನ್ಸಿಯಾ ಎಂಬ ಕೆಲಸಗಾರ್ತಿಯನ್ನು ತೆಗೆದುಹಾಕಿತು.

ಅವರ ಜೊತೆಗಾರ್ತಿ ಎರ್ಸಿಲಿಯಾ ಇವತ್ತೂ ಬೆಳಗಿನ ಆರಕ್ಕೆ ಅದೇ ನೆಲದ ಮೇಲೆ ಮಂಡಿಯೂರಿದ್ದಾರೆ. ಕೈಯಲ್ಲಿ ತುದಿ ಬಗ್ಗಿಸಿದ ಕೊಡೆಯ ಕಡ್ಡಿ. ಪ್ರವಾಸಿಗಳು ಬಿಸಾಡಿಹೋದ ಮುರುಕು ಕೊಡೆಯಿಂದ ಕಿತ್ತದ್ದು. ಕಂಪನಿ ಕೊಟ್ಟ ಬ್ರಷ್ ತೂತಿನೊಳಗೆ ಹೋಗುವುದೇ ಇಲ್ಲ. ನಲವತ್ತಮೂರು ಮೀಟರ್ ಮೇಲೆ, ಗುಮ್ಮಟದ ನೆತ್ತಿಯಲ್ಲಿ, ಒಂಬತ್ತು ಮೀಟರ್ ಅಗಲದ ಬಾಯಿ ಆಕಾಶಕ್ಕೆ ತೆರೆದೇ ಇದೆ. ಕೆಳಗೆ ಇಪ್ಪತ್ತೆರಡು ತೂತುಗಳು. ಇಪ್ಪತ್ತಾರು ವರ್ಷದಿಂದ ದಿನವೂ ಇಪ್ಪತ್ತೆರಡು.

“ಒಳಗೆ ಮಳೆ ಬೀಳಲ್ಲ ಅಂತ ಗೈಡುಗಳು ಕಥೆ ಹೊಡೀತಾರೆ. ಹಾಗಾದ್ರೆ ಈ ಬಕೆಟ್‌ನಲ್ಲಿರೋದೇನು, ನನ್ನ ಕಣ್ಣೀರಾ?”

ಊರಂಚಿನ ಟೋರ್ ಬೆಲ್ಲಾ ಮೊನಾಕಾದಿಂದ ಎರಡು ಬಸ್ ಹಿಡಿದು ಬರುತ್ತಾರೆ. ಮಂಡಿಚಿಪ್ಪು ಸವೆದಿದೆ. ಕೂತು ಮಾತಾಡೋಣ ಎಂದರೆ ಕೂರುವುದಿಲ್ಲ. ಬಾಗಿಲು ತೆರೆಯುವ ಹೊತ್ತಾಯಿತು ಎನ್ನುತ್ತ ಮುಂದಿನ ತೂತಿಗೆ ಸರಿಯುತ್ತಾರೆ. ಮಾತೂ ಅವರ ಹಿಂದೆಯೇ ತೆವಳಬೇಕು.

ಹಬ್ಬದ ದಿನ ಅಗ್ನಿಶಾಮಕದವರು ಗುಮ್ಮಟ ಹತ್ತಿ ಆ ಬಾಯಿಯಿಂದ ಕೆಂಪು ಗುಲಾಬಿ ಎಸಳು ಸುರಿಯುತ್ತಾರೆ. ಜನ ಕತ್ತೆತ್ತಿ ಕಣ್ಣೊರೆಸಿಕೊಳ್ಳುತ್ತಾರೆ. ಎಸಳು ಒಣಗಿರುವಾಗಲೇ ಪೊರಕೆಯಿಂದ ಬಳಿಯಬೇಕು, ಅದೂ ತೂತಿನ ಕಡೆಯಿಂದ ಗೋಡೆಯ ಕಡೆಗೆ. ಈ ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟುನಿಟ್ಟು ಅದು. ಕಳೆದ ಸಲ ಕಂಪನಿ ಇಬ್ಬರನ್ನೂ ಬೇಗ ಮನೆಗೆ ಕಳಿಸಿ ನೆಲ ಗುಡಿಸುವ ಯಂತ್ರ ಓಡಿಸಿತು.

“ಅದು ಎಸಳು ಎತ್ತಲಿಲ್ಲ ಕಣ್ರೀ, ಅರೆದು ತೂತಿಗೆ ತುರುಕ್ತು. ಮಾರನೇ ದಿನ ನಾನೇ ತೆಗ್ದೆ, ಜಾಮ್ ಥರ ಇತ್ತು. ನೆಲ ಇಳಿಜಾರು ಮಾಡಿದೋನಿಗೆ ನೀರು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿತ್ತು. ಇವರಿಗೆ ತಪ್ಪು ಎಲ್ಲಿಗೆ ಹೋಗ್ಬೇಕು ಅಂತ ಮಾತ್ರ ಗೊತ್ತು.”

ಹೊರಗೆ ಈಜಿಪ್ಟಿನಿಂದ ಬಂದ ಹದಿನಾರು ಒಂಟಿಕಲ್ಲಿನ ಕಂಬಗಳು. ಎಳೆದವರ ಹೆಸರು ಎಲ್ಲೂ ಇಲ್ಲ. ಗುಡಿಯ ಹಣೆಯ ಮೇಲೆ ಕೆತ್ತಿರುವ ಹೆಸರಿನವನು ಈ ಗುಮ್ಮಟ ಕಟ್ಟಿಸಿದವನೂ ಅಲ್ಲ. ಒಮ್ಮೆ ಬರೆಸಿದ್ದು ನಿಂತುಬಿಡುತ್ತದೆ. ಕಲ್ಲಾದರೂ ಅಷ್ಟೆ, ಕಾಗದವಾದರೂ ಅಷ್ಟೆ.

ಕೆಲಸದಿಂದ ತೆಗೆದದ್ದರ ವಿರುದ್ಧ ನೂನ್ಸಿಯಾ ನ್ಯಾಯಾಲಯಕ್ಕೆ ಹೋಗಿದ್ದಾರೆ. ಏಳಕ್ಕೆ ಕಂಪನಿಯ ಮೇಲ್ವಿಚಾರಕ ಫುಲ್ವಿಯೊ ಅಲ್ಲಿಗೆ ಕೊಡಬೇಕಾದ ಸಾಕ್ಷಿ ಹೇಳಿಕೆಯ ಕಾಗದ ಹಿಡಿದು ಬರುತ್ತಾನೆ. ನೂನ್ಸಿಯಾ ಸೋಮಾರಿ, ತೂತು ಮುಟ್ಟುತ್ತಲೇ ಇರಲಿಲ್ಲ ಎಂದು ಅದರಲ್ಲಿದೆ.

“ಸಹಿ ಹಾಕಿ ಸಿಗ್ನೋರಾ. ತಿಂಗಳ ಕೊನೆಗೆ ನಿಮ್ಮ ಕರಾರೂ ಮುಗಿಯುತ್ತೆ, ನೆನಪಿರಲಿ.”

“ಆವತ್ತು ಯಂತ್ರ ಓಡ್ಸಿದ್ದು ಯಾರು ಅಂತ ಇದ್ರಲ್ಲಿದ್ಯಾ?”

“ಅದೆಲ್ಲ ನಿಮಗ್ಯಾಕೆ? ಹಾಕಿ.”

ಎರ್ಸಿಲಿಯಾ ಮೇಲೇಳುವುದಿಲ್ಲ. ಕಡ್ಡಿಯಿಂದ ಅವನ ಬೂಟು ತಟ್ಟುತ್ತಾರೆ.

“ಹಾಕಲ್ಲ ಕಣಪ್ಪ. ಕಾಲು ತೆಗಿ. ತೂತಿನ ಮೇಲೆ ನಿಂತಿದ್ದೀಯ.”