ಒಬ್ಬರೇ ನಡೆಸಿದ ಸಭೆ

ಮದ್ರಾಸಿನ ಪುರಸೈವಾಕ್ಕಂನ ಜವಳಿ ಅಂಗಡಿಗಳ ಸಾಲಿನ ಹಿಂದೆ, ನಮ್ಮ ಬೀದಿ ಮುಗಿಯುವಲ್ಲಿ, ಒಂದು ಮೈದಾನವಿತ್ತು. ಅದಕ್ಕೆ ತಾಗಿಕೊಂಡಿದ್ದ ನಗರಪಾಲಿಕೆಯ ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಅಂಗಳವಿರಲಿಲ್ಲ. ಬೆಳಗಿನ ಪ್ರಾರ್ಥನೆ, ಕವಾಯತು, ಓಟದ ಪಂದ್ಯ ಎಲ್ಲವೂ ಅಲ್ಲಿಯೇ. 1996ರಲ್ಲಿ ನಗರಪಾಲಿಕೆಗೆ ಚುನಾವಣೆ ನಡೆದು ಇನ್ನೂ ವರ್ಷ ತುಂಬಿರಲಿಲ್ಲ. ರಾಜ್ಯ ಸರ್ಕಾರದ ಇಲಾಖೆಯೊಂದು ತನ್ನ ಕಚೇರಿಗಾಗಿ ಆ ಜಾಗವನ್ನು ಕೇಳಿದೆ ಎಂಬ ಸುದ್ದಿ ಬೀದಿಗೆ ಬಂತು.

ನಮ್ಮ ವಾರ್ಡಿನಿಂದ ಗೆದ್ದಿದ್ದವರು ಅದೇ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿ, ಮನೆಯ ಮುಂಭಾಗದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಹಿಳೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಉಳಿದ ಕನ್ನಡದ ಮನೆತನ. ನಗರಪಾಲಿಕೆಯ ಮಂಡಳಿಯನ್ನು ಅವರು ತಮಿಳಿನಲ್ಲಿ ಮನ್ರಂ ಎಂದೇ ಕರೆಯುತ್ತಿದ್ದರು.

"ಸಾರ್, ಮುಂದಿನ ವಾರ ಮನ್ರಂ ಮೀಟಿಂಗು. ಗ್ರೌಂಡು ಶಾಲೆ ಮಕ್ಕಳಿಗೇಂತ ಹಳೇ ತೀರ್ಮಾನಂ ಇದೆ ಅಂತಾರೆ. ಕಾಗದ ಇಲ್ದೆ ಎದ್ದು ನಿಂತ್ರೆ ನನ್ನ ಲೆಕ್ಕಕ್ಕೇ ತಗೊಳಲ್ಲ. ನೀವು ತಾನೇ ಹಳೇ ಕಾಗದ ನೋಡೋರು? ಹುಡುಕಿ ಕೊಡಿ ಸಾರ್."

ನಾನು ಒಪ್ಪಿಕೊಂಡದ್ದಕ್ಕೆ ಬೇರೊಂದು ಕಾರಣವೂ ಇತ್ತು. ಸಂಶೋಧಕನಾಗಿ ಕೆಲವು ವರ್ಷ ದೆಹಲಿಯಲ್ಲಿದ್ದಾಗ ನಮ್ಮ ಬಡಾವಣೆಯ ಖಾಲಿ ಜಾಗಕ್ಕೆ ಒಂದು ದಿನ ಬೇಲಿ ಬಿದ್ದಿತ್ತು. ಯಾರನ್ನು ಕೇಳಬೇಕೆಂದು ಯಾರಿಗೂ ತಿಳಿಯಲಿಲ್ಲ. 1993ರಲ್ಲಿ ಆ ನಗರಕ್ಕೆ ವಿಧಾನಸಭೆ ಮರಳಿ ಬಂದ ಮೇಲೂ ನೆಲ ಮತ್ತು ಪೊಲೀಸು ಕೇಂದ್ರದ ಕೈಯಲ್ಲೇ ಉಳಿದವು. ರಾಜಧಾನಿಯಲ್ಲಿ ವಾಸಿಸುವವರು ರಾಜಧಾನಿಯ ಅತಿಥಿಗಳಷ್ಟೆ ಎಂದು ಆಗ ನಾನು ಬಗೆದಿದ್ದೆ. ಅಲ್ಲಿ ಕೇಂದ್ರವಿದ್ದ ಸ್ಥಾನದಲ್ಲಿ ಮದ್ರಾಸಿನಲ್ಲಿ ಇದ್ದದ್ದು ಕಡಲ ಬದಿಯ ಕೋಟೆಯಲ್ಲಿನ ರಾಜ್ಯ ಸರ್ಕಾರ.

ಒಂದು ತಾರೀಖನ್ನು ಎರಡು ಬೇರೆಬೇರೆ ಆಕರಗಳಲ್ಲಿ ಕಾಣುವವರೆಗೆ ಪೆನ್ಸಿಲ್ಲಿನಲ್ಲಿ ಮಾತ್ರ ಬರೆದಿಡುವುದು ನನ್ನ ರೂಢಿ. ನಗರಪಾಲಿಕೆಯ ದಾಖಲೆ ಕೋಣೆಯಲ್ಲಿ, ಎಪ್ಪತ್ತರ ದಶಕದ ಕೊನೆಯ ಸಭಾ ನಡವಳಿ ಸಂಪುಟವೊಂದರಲ್ಲಿ ಆ ನಿರ್ಣಯ ಸಿಕ್ಕಿತು. ಶಾಲೆಯ ಹಳೆಯ ವಾರ್ಷಿಕ ವರದಿಯಲ್ಲೂ ಅದೇ ತಾರೀಖು. ಶಾಯಿಯಲ್ಲಿ ಬರೆದು ಆಕೆಗೆ ಕೊಟ್ಟೆ. ಅವರು ಅದನ್ನು ಬೀದಿಯ ಮನೆಮನೆಗೂ ತೋರಿಸಿ ಬಂದರು.

ಪೂರ್ಣ ಪಾಠವನ್ನು ನಕಲು ಮಾಡಿಕೊಳ್ಳಲು ಮರುದಿನ ಹೋದವನು, ಹಾಜರಿದ್ದ ಸದಸ್ಯರ ಪಟ್ಟಿಗಾಗಿ ಪುಟ ತಿರುವಿದೆ. ಪಟ್ಟಿಯೇ ಇರಲಿಲ್ಲ. ಇದ್ದದ್ದು ಒಂದೇ ಸಹಿ. 1973ರಲ್ಲಿಯೇ ಸರ್ಕಾರ ಮಂಡಳಿಯನ್ನು ವಜಾ ಮಾಡಿ ವಿಶೇಷಾಧಿಕಾರಿಯನ್ನು ಕೂರಿಸಿತ್ತೆಂಬುದು ನನಗೆ ಬಾಯಿಪಾಠವಾಗಿದ್ದ ಸಂಗತಿ. ಆದರೂ ತಾರೀಖನ್ನು ಎರಡು ಸಲ ಪರೀಕ್ಷಿಸಿದ ನಾನು, ಆ ದಿನ ಸಭೆಯಲ್ಲಿ ಕುಳಿತಿದ್ದವರು ಯಾರು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಕಪಾಟಿನಿಂದ ಮುಂದಿನ ಸಂಪುಟ ಇಳಿಸಿದೆ, ಅದರ ಮುಂದಿನದನ್ನೂ ಇಳಿಸಿದೆ. ವಿಷಯ ಮಂಡಿಸಿದ ಕೈ, ಒಪ್ಪಿದ ಕೈ, ದಾಖಲಿಸಿದ ಕೈ ಒಂದೇ. ಇಂಥ ಇಪ್ಪತ್ತಮೂರು ವರ್ಷಗಳು. ಅಧಿಕಾರಿಗಳು ಬದಲಾಗುತ್ತಿದ್ದರು, "ಮಂಡಳಿಯು ನಿರ್ಣಯಿಸಿದೆ" ಎಂಬ ವಾಕ್ಯ ಬದಲಾಗಿರಲಿಲ್ಲ. ಲಕ್ಷಾಂತರ ಜನರ ಪರವಾಗಿ ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕುಳಿತು ಹೌದೆಂದುಕೊಳ್ಳುವ ಆ ದೃಶ್ಯವನ್ನು ಊಹಿಸಿಕೊಂಡು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ. ಇಷ್ಟು ದೊಡ್ಡ ಮೌನವನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ವಿಷಯ ತಿಳಿದ ನನ್ನ ಹೆಂಡತಿ, "ನೀವು ಇನ್ನೊಂದು ಸಲ ಪರೀಕ್ಷೆ ಮಾಡೋ ಹೊತ್ತಿಗೆ ಅಲ್ಲಿ ಕಟ್ಟಡದ ಗೃಹಪ್ರವೇಶ ಆಗಿರುತ್ತೆ. ಹೋಗಿ ಹೇಳಿಬನ್ನಿ ಮೊದಲು" ಎಂದಳು.

ಹೊಲಿಗೆ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ನಿರ್ಣಯವೆಂದು ನಾನು ಕೊಟ್ಟದ್ದು ಸರ್ಕಾರವೇ ನೇಮಿಸಿದ ಒಬ್ಬ ಅಧಿಕಾರಿಯ ಆದೇಶ. ಸರ್ಕಾರಕ್ಕೆ ಅದನ್ನು ಕೈಬಿಡುವುದು ಕಷ್ಟವಲ್ಲ ಎಂದೆ. ಆಕೆ ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದರು.

"ಅಂದ್ರೆ ಆವಾಗ ಮನ್ರಂ ಇರಲಿಲ್ಲ?"

"ಇರಲಿಲ್ಲಮ್ಮ."

"ಈಗ ಇದೆ ಅಲ್ವಾ ಸಾರ್?"

"ಇದೆ."

"ಮತ್ತೆ ಹಳೇದು ಯಾಕೆ ಹುಡುಕ್ತಾ ಇದೀವಿ? ನಾವೇ ಒಂದು ತೀರ್ಮಾನಂ ಮಾಡಿದ್ರಾಯ್ತು. ಬರೆದು ಕೊಡಿ, ಚಿಕ್ಕದಾಗಿ. ನನಗೆ ಉಸಿರು ಕಟ್ಟೋ ಹಾಗೆ ಬರೀಬೇಡಿ."

ಜೀವಮಾನವಿಡೀ ಅಧಿಕಾರದ ಜಾಡನ್ನು ಕಾಗದಗಳಲ್ಲಿ ಅರಸಿದವನಿಗೆ, ಅದು ಎದುರಿಗೆ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಕುಳಿತಿದೆ ಎಂದು ಹೊಳೆದೇ ಇರಲಿಲ್ಲ.

ಸಭೆಯ ದಿನ ಸಾರ್ವಜನಿಕರ ಆಸನಗಳಲ್ಲಿ ನನಗೊಂದು ಜಾಗ ಸಿಕ್ಕಿತು. ಎತ್ತರದ ಛಾವಣಿ, ಕೆಳಗೆ ಗದ್ದಲ. ಆಕೆ ಎದ್ದು ನಿಂತು, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದತೊಡಗಿದರು. ಎರಡು ಸಾಲು ಓದಿರಬೇಕು, ಹಿಂದಿನ ಸಾಲಿನ ಸದಸ್ಯರೊಬ್ಬರು ತಮಿಳಿನಲ್ಲಿ ಕೂಗಿದರು: "ಏನಕ್ಕಾ, ರವಿಕೆ ಅಳತೆ ಓದ್ತಿದ್ದೀರಾ?"

"ನಿಮ್ಮ ಅಂಗಿ ಅಳತೆ ತಮ್ಮಾ. ಬಾಯಿ ಮುಚ್ಚಿದ್ರೆ ಕಾಲರ್ ಸರಿಯಾಗಿ ಕೂರುತ್ತೆ," ಎಂದು ಆಕೆಯೂ ತಮಿಳಿನಲ್ಲೇ ತಿರುಗಿಸಿದರು. ನಗೆ ಇಳಿದ ಮೇಲೆ ಹಾಳೆಯನ್ನು ಕೆಳಗಿಳಿಸಿ, ಉಳಿದದ್ದನ್ನು ಸಭೆಯನ್ನೇ ನೋಡುತ್ತ ಹೇಳಿ ಮುಗಿಸಿದರು.

ಆಮೇಲೆ ಕೈಗಳು ಮೇಲೆದ್ದವು. ಗಡಿಯಾರ ಕಟ್ಟಿದ್ದ ಕೈ, ಬಳೆಯ ಕೈ, ಮತ್ತೆ ಕೆಳಗಿಳಿದು ಪಕ್ಕದವರನ್ನು ನೋಡಿ ಪುನಃ ಎದ್ದ ಅಂಜುಬುರುಕ ಕೈ. ರವಿಕೆಯ ಮಾತಾಡಿದವರ ಕೈಯೂ. ಎಣಿಸಲು ತೊಡಗಿದ್ದ ನಾನು ಅರ್ಧದಲ್ಲೇ ಮರೆತೆ. ನಿರ್ಣಯ ಅಂಗೀಕಾರವಾಯಿತು.

ಮಂಡಳಿಯ ನಿರ್ಣಯವನ್ನು ರದ್ದುಮಾಡುವ ಅಧಿಕಾರ ಸರ್ಕಾರಕ್ಕಿದೆ, ಕಾಯಿದೆಯಲ್ಲೇ ಇದೆ. ಆದ್ದರಿಂದ ಮಂಡಳಿಯ ಅವಧಿ ಮುಗಿದ 2001ರವರೆಗೂ ರಾಜ್ಯಪತ್ರದ ಸಂಚಿಕೆಗಳನ್ನು ಬಿಡದೆ ನೋಡುತ್ತಿದ್ದೆ. ರದ್ದತಿಯ ಆದೇಶ ಕಾಣಲಿಲ್ಲ. ಇಲಾಖೆ ಬೇರೆಡೆ ಜಾಗ ಹುಡುಕಿಕೊಂಡಿತು. ಮಕ್ಕಳ ಕವಾಯತು ಮೈದಾನದಲ್ಲೇ ನಡೆಯಿತು.

ಇದನ್ನು ತಿಳಿಸಲು ಹೋದಾಗ ಆಕೆ ಹೊಲಿಗೆ ಯಂತ್ರದ ಮುಂದಿದ್ದರು.

"ಇನ್ಮೇಲೆ ಆರ್ಡರ್ ಬರೋದೇ ಇಲ್ವಾ ಸಾರ್?"

"ಹಾಗೆ ಹೇಳಲಾರೆ. ಯಾವಾಗ ಬೇಕಾದರೂ ಬರಬಹುದು."

"ಬರಲಿ ಬಿಡಿ. ಆವಾಗ ಮನ್ರಂನಲ್ಲಿ ಯಾರು ಕೂತಿರ್ತಾರೋ ಅವರ ಕೈ ಎತ್ತಿಸೋದು," ಎಂದು ಆಕೆ ದಾರವನ್ನು ಹಲ್ಲಿನಿಂದ ಕಡಿದು, ಮುಂದಿನ ಬಟ್ಟೆಯನ್ನು ಸೂಜಿಯಡಿ ಇಟ್ಟರು.