ಧೋತರ ಹೊದ್ದ ಕಪ್ಪೆಲೆಯ ಗಿಡ

ಪರದೇಶದ ಚಳಿಯೂರು ಟ್ರಾಯ್‌ನಲ್ಲಿ, ನಮ್ಮ ಮನೆಯ ಮುಂದೆ ಕ್ರೇಪ್ ಮರ್ಟಲ್ ಎಂಬ ಒಂದು ಹೂಗಿಡ ಇದೆ. ಎಲೆಯೆಲ್ಲ ತಳ ಹತ್ತಿದ ಬಾಣಲೆಯಂತೆ ಕಪ್ಪು, ಹೂವು ಮಾತ್ರ ಕಡುಗೆಂಪಂತೆ. ‘ಅಂತೆ’ ಏಕೆಂದರೆ, ಆ ಕೆಂಪನ್ನು ನಾವು ಕಂಡದ್ದು ನರ್ಸರಿಯವರು ಟೊಂಗೆಗೆ ಕಟ್ಟಿದ್ದ ಚೀಟಿಯ ಮೇಲೆ ಮಾತ್ರ. ಅದು ಬೆಚ್ಚಗಿನ ಸೀಮೆಯ ಗಿಡ. ಎಷ್ಟು ಸುತ್ತಿಟ್ಟರೂ ಚಳಿಗಾಲದಲ್ಲಿ ನೆಲದ ಮಟ್ಟಕ್ಕೆ ಒಣಗುತ್ತದೆ. ಮೇ ತಿಂಗಳು ಮುಗಿಯುವಾಗ ಬುಡದಿಂದ ಚಿಗುರಿ, ಎದೆಯೆತ್ತರ ಬೆಳೆದು, ಇನ್ನೇನು ಮೊಗ್ಗು ಬಿರಿಯಬೇಕು, ಅಷ್ಟರಲ್ಲಿ ಫ್ರಾಸ್ಟ್, ಅಂದರೆ ರಾತ್ರಿಯ ಹೆಪ್ಪುಗಟ್ಟಿದ ಇಬ್ಬನಿ, ಬಂದು ಎಲ್ಲ ಸುಟ್ಟುಹಾಕುತ್ತದೆ. ಊರಿನಲ್ಲಿ ನಮ್ಮಜ್ಜ ದಾಸವಾಳದ ಟೊಂಗೆಯೊಂದನ್ನು ನೆಲಕ್ಕೆ ಚುಚ್ಚಿ ಮರೆತುಬಿಡುತ್ತಿದ್ದ. ಅದು ತನ್ನ ಪಾಡಿಗೆ ಹೂ ಬಿಡುತ್ತಿತ್ತು.

ನನ್ನ ಹೆಂಡತಿಗೆ ಒಂದೇ ಹಟ. ಆಯುಧ ಪೂಜೆಯ ದಿನ ಕಾರಿಗೆ ನಮ್ಮ ಅಂಗಳದ್ದೇ ಹೂವು ಏರಿಸಬೇಕು. “ಪ್ಲಾಸ್ಟಿಕ್ ಕವರಿನಾಗಿನ ಸೇವಂತಿಗಿ ಸಾಕಾಗ್ಯಾವ್ರಿ,” ಎನ್ನುತ್ತಾಳೆ.

ಕಳೆದ ವರ್ಷ ಹಬ್ಬ ಹತ್ತಿರ ಬಂದಾಗ ಗಿಡದ ತುಂಬ ಮೊಗ್ಗಿತ್ತು. ಹವಾಮಾನದ ಆ್ಯಪ್ ರಾತ್ರಿ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಚಳಿ, ಎಂದಿತು. ಹಳೆಯ ಬೆಡ್‌ಶೀಟುಗಳನ್ನೆಲ್ಲ ಡೊನೇಟ್ ಮಾಡಿಬಿಟ್ಟಿದ್ದೆವು. ಉಳಿದದ್ದು ಹಬ್ಬಕ್ಕೆಂದು ಊರಿನಿಂದ ತಂದ ನನ್ನ ಎರಡು ಬಿಳಿ ಧೋತರ. ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದು, ಶೂ ಕೂಡ ಬಿಚ್ಚದೆ ಗಿಡಕ್ಕೆ ಧೋತರ ಉಡಿಸುವುದು, ಬೆಳಿಗ್ಗೆ ಬಿಚ್ಚುವುದು. ನನ್ನ ಸೊಂಟ ನನ್ನದಾಗಿರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ನಾಯಿ ಹಿಡಿದುಕೊಂಡು ಹೊರಟವರು ನಿಂತರು. “ವಾವ್, ಎಷ್ಟು ಚಂದದ ಭೂತ! ಹ್ಯಾಲೋವೀನ್‌ಗೆ ಈ ಸಲ ನೀವೇ ಫಸ್ಟ್,” ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ತಿಂಗಳ ಕೊನೆಯ ಆ ಹಬ್ಬಕ್ಕೆ ಇಲ್ಲಿಯವರು ಅಂಗಳದಲ್ಲಿ ಬಿಳಿಬಟ್ಟೆಯ ಭೂತ ನಿಲ್ಲಿಸುತ್ತಾರೆ. ವಿವರಿಸುವ ತ್ರಾಣವಿರಲಿಲ್ಲ. ಥ್ಯಾಂಕ್ಯೂ ಎಂದೆ.

ಬಾಗಿಲಲ್ಲಿ ನಿಂತಿದ್ದ ಇವಳಿಗೆ ನಗು ತಡೆಯಲಿಲ್ಲ. “ಛೊಲೋ ಆತು ಬಿಡ್ರಿ! ನಾಡಿದ್ದು ಭೂತದ ಧೋತರಾನೇ ಉಟ್ಕೊಂಡು ಪೂಜಾಕ್ಕ ಕೂಡ್ರಿ.”

“ಆ ಭೂತ ಬಿಟ್ಟುಕೊಟ್ರ ಉಡ್ತೀನಿ,” ಎಂದೆ.

ಬಿಟ್ಟುಕೊಡಲಿಲ್ಲ. ಹಬ್ಬದ ಬೆಳಿಗ್ಗೆ ಧೋತರಗಳು ಇಬ್ಬನಿ ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದು ನಿಂತಿದ್ದವು. ಬಿಡಿಸಿ ನೋಡಿದೆವು. ಮೊಗ್ಗು ಸುಟ್ಟಿರಲಿಲ್ಲ, ಅರಳಿಯೂ ಇರಲಿಲ್ಲ. ಬಟಾಣಿ ಗಾತ್ರದ ಗಟ್ಟಿ ಗುಂಡುಗಳು. ಕೆಂಪಿನ ಸುಳಿವೇ ಇಲ್ಲ. ಇವಳು ಒಂದೊಂದೇ ಮೊಗ್ಗನ್ನು ಬೆರಳಿನಿಂದ ಒತ್ತಿ ನೋಡಿದಳು.

ಆಮೇಲೆ ಒಳಗೆ ಹೋಗಿ ಕತ್ತರಿ ತಂದಳು. ಕಪ್ಪೆಲೆಯ ಸಮೇತ ಒಂದು ಗೊಂಚಲು ಕತ್ತರಿಸಿ, ನಾನು ಪ್ಯಾಂಟಿನಲ್ಲೇ ಕಾರಿಗೆ ಕುಂಕುಮ ಹಚ್ಚುತ್ತಿದ್ದಾಗ, ಬಾನೆಟ್ಟಿನ ಮೇಲೆ ಇಟ್ಟಳು.

“ಮೊಗ್ಗು ಏರಿಸಿದ್ರ ದೇವ್ರೇನು ಬ್ಯಾಡ ಅಂತಾನೇನ್ರಿ? ನಮ್ಮ ಮನೀದು.”

ಯಾವುದಕ್ಕೂ ಇರಲೆಂದು ಅಂಗಡಿಯಿಂದ ತಂದಿಟ್ಟಿದ್ದ ಸೇವಂತಿಗೆಯ ಕವರು ಫ್ರಿಜ್ಜಿನಲ್ಲೇ ಉಳಿಯಿತು. ನಾನು ಧೋತರಗಳನ್ನು ಎತ್ತಿಕೊಂಡು ವಾಷಿಂಗ್ ಮಷೀನಿನತ್ತ ಹೊರಟೆ.

“ಒಗೀಬ್ಯಾಡ್ರಿ,” ಎಂದಳು ಹಿಂದಿನಿಂದ. “ಮುಂದಿನ ತಿಂಗಳು ಚಳಿಗೆ ಗಿಡದ ಬುಡಕ್ಕ ಸುತ್ತಬೇಕಲ್ಲ.”

ಗ್ಯಾರೇಜಿನ ಮೊಳೆಗೆ ತೂಗುಹಾಕಿದೆ.